ಧೈರ್ಯ ತರದೆ ಹೋದ ದಿನ

ಅತ್ತೆ ನಿದ್ದೆ ಮಾಡುತ್ತಿರಬಹುದು, ನಾನು ಹೋಗಿ ಎಬ್ಬಿಸಬಹುದು. ಎಚ್ಚರವಾಗಿಯೇ ಇರಬಹುದು, ಅದು ಇನ್ನೂ ಕಷ್ಟ. ನನಗೆ ಅಳು ಬರಬಹುದು. ಬಾರದೇ ಹೋದರೆ ಕಲ್ಲೆದೆಯವನು ಅಂದುಕೊಂಡಾರು. ತಂದ ಮೂಸಂಬಿ ಹುಳಿಯಿರಬಹುದು. ಬಾಗಿಲ ದಾರಂದ ಹಣೆಗೆ ಬಡಿದು, ರೋಗಿಯನ್ನು ನೋಡಲು ಹೋದವನನ್ನೇ ಉಪಚರಿಸುವ ಹಾಗಾಗಬಹುದು. ಆ ಮನೆಯಲ್ಲಿ ಯಾರೂ ಆಡದ ಕ್ಯಾನ್ಸರ್ ಎಂಬ ಶಬ್ದ ಬಾಯಿ ತಪ್ಪಿ ಬಂದೀತು. ಎಲ್ಲಕ್ಕಿಂತ ಕೆಟ್ಟದ್ದು, ಅತ್ತೆ ನೇರವಾಗಿ ಕೇಳಿಯೇಬಿಡಬಹುದು.

ತೊಂಬತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ, ಶಿರಸಿಯಿಂದ ಸಿದ್ದಾಪುರದ ಬಸ್ಸಿನಲ್ಲಿ ಕೂತು ಯೋಚಿಸಿದ್ದು ಇಷ್ಟು. ಸಿದ್ದಾಪುರದ ಹತ್ತಿರದ ಕೋಲಸಿರ್ಸಿಯಿಂದ ಸೋದರತ್ತೆಯ ಮಗ ಫೋನು ಮಾಡಿದ್ದ. ನಾವಿಬ್ಬರೂ ಒಬ್ಬರನ್ನೊಬ್ಬರು ಭಾವ ಎಂದೇ ಕರೆಯುವುದು. "ಆಯಿ ನಿನ್ನನ್ನೇ ಕೇಳ್ತಾ ಇದ್ದು, ಭಾವ. ಎಂತಕ್ಕೆ ಹೇಳಿ ಗೊತ್ತಿಲ್ಲೆ. ಆಯಿಗೆ ಹೊಟ್ಟೆ ಹುಣ್ಣು ಅಂತಷ್ಟೇ ಎಂಗ ಹೇಳಿದ್ಯ. ನೀ ಎಂತದೂ ಬಾಯಿಬಿಡಡ."

ಹಿಂದಿನ ವರ್ಷ ಯಲ್ಲಾಪುರದಲ್ಲಿ ಹೆಂಡತಿಯ ಅಪ್ಪ ಹಾಸಿಗೆ ಹಿಡಿದಾಗಲೂ ನಾನು ಬಾಯಿಬಿಟ್ಟಿರಲಿಲ್ಲ. "ಇದು ಹೋಗೋ ಕಾಲವೇ ಅಲ್ವಾ?" ಎಂದು ಅವರು ಕೇಳಿದಾಗ, "ಛೆ, ಮುಂದಿನ ತಿಂಗಳು ಪೇಟೆಗೆ ಹೋಗಿ ಬರ್ತೀರಿ" ಎಂದಿದ್ದೆ. ಅವರು ಗೋಡೆಯ ಕಡೆ ತಿರುಗಿಕೊಂಡರು. ಆಮೇಲೆ ನನ್ನೊಡನೆ ಸೆಕೆಯ ವಿಷಯ ಬಿಟ್ಟು ಬೇರೇನೂ ಮಾತಾಡಲಿಲ್ಲ. ಒಂಬತ್ತು ದಿನಕ್ಕೆ ತೀರಿಕೊಂಡರು.

ಕೋಲಸಿರ್ಸಿ ಮುಟ್ಟಿದಾಗ ಅತ್ತೆ ಎಚ್ಚರವಾಗಿಯೇ ಇದ್ದಳು. ದಿಂಬಿಗೆ ಒರಗಿ, ಕೈಗಿಂತ ದೊಡ್ಡದಾಗಿ ಕಾಣುತ್ತಿದ್ದ ಬಳೆಗಳನ್ನು ಹಿಂದೆ ಸರಿಸುತ್ತಿದ್ದಳು.

"ಬಾ ತಮಾ. ನೀ ಒಬ್ನೇ ಬಂದ್ಯ, ಧೈರ್ಯನೂ ತಗಂಡು ಬಂದ್ಯ? ಬಂದವ್ವೆಲ್ಲ ಒಂದೊಂದು ಕಟ್ಟು ಧೈರ್ಯ ಇಟ್ಟಿಕ್ಕೆ ಹೋಗ್ತ. ಇಡಲೆ ಜಾಗ ಇಲ್ಲೆ."

"ಎನ್ನ ಹತ್ರ ಅದು ಯಾವತ್ತೂ ಇತ್ತಿಲ್ಲೆ, ಅತ್ತೆ."

"ಅದಕ್ಕೇ ಕರೆಸಿದ್ದು. ಆನು ಬದುಕ್ತ್ನಿಲ್ಲೆ, ಅಲ್ದ?"

ಭಾವ ಅಂಗಳದಲ್ಲಿದ್ದ. ಬಾಗಿಲ ಕಡೆ ನೋಡಿದೆ. ಮೂಸಂಬಿಯ ಚೀಲವನ್ನು ಆ ಕೈಯಿಂದ ಈ ಕೈಗೆ ದಾಟಿಸಿದೆ. ಗೋಡೆಗೆ ಮುಖ ಮಾಡಿ ಮಲಗಿದ್ದ ಮಾವನ ಬೆನ್ನು ಕಣ್ಣಮುಂದೆ ಬಂತು.

"ಹೌದು ಅತ್ತೆ. ಎಂಗೂ ಹಂಗೇ ಕಾಣ್ತು."

ಅವಳು ದೀರ್ಘವಾಗಿ ಉಸಿರು ಬಿಟ್ಟು ಹಾಸಿಗೆಯ ಅಂಚು ತಟ್ಟಿ ಕೂರಿಸಿದಳು.

"ಸಾಯದು ಅಡ್ಡಿಲ್ಲೆ ತಮಾ. ಕಡೀಗೆ ನೋವು ತಡ್ಕಂಬಲೆ ಆಗ್ದೇ ಕೂಗಿಬಿಟ್ರೆ? ಇಷ್ಟು ವರ್ಷ ಈ ಮನೇಲಿ ಒಂದು ದಿನ ಧ್ವನಿ ಎತ್ತಿದ್ನಿಲ್ಲೆ. ಸೊಸೆ ಎದ್ರಿಗೆ ಮರ್ಯಾದೆ ಹೋಗ್ತಲ. ಯಾರ ಹತ್ರ ಹೇಳದು? ಬಾಯಿ ತೆಗೆದ್ರೆ, ಹಂಗೆಲ್ಲ ಮಾತಾಡಡ ಹೇಳ್ತ."

ಹೆದರಿಕೆಯ ವಿಷಯದಲ್ಲಿ ನನಗೆ ಅನುಭವವಿದೆ. "ಆನಾದ್ರೆ ಈಗ್ಲೇ ಕೂಗಲೆ ಶುರು ಮಾಡ್ತಿದ್ದಿ. ಹಲ್ಲು ಕೀಳಿಸಲೆ ಹೋಗಿ ಡಾಕ್ಟ್ರ ಬೆರಳು ಕಚ್ಚಿದವ ಆನು."

ಅತ್ತೆಯ ತುಟಿ ಅಲುಗಿತು. ಅಷ್ಟರಲ್ಲಿ ಗಂಜಿಯ ಬಟ್ಟಲು ಹಿಡಿದು ಬಾಗಿಲಲ್ಲೇ ನಿಂತಿದ್ದ ಸೊಸೆ ಒಳಗೆ ಬಂದಳು. ಎಲ್ಲ ಕೇಳಿಸಿಕೊಂಡಿದ್ದಳು. ಬಟ್ಟಲನ್ನು ಅತ್ತೆಯ ಕೈಗೆ ಕೊಟ್ಟು, ಆ ಕೈಯನ್ನು ಬಿಡದೆ ಕೂತಳು.

"ಕೂಗಿ ಅತ್ತೆ. ಎರಡು ಹೆರಿಗೇಲೂ ಆನು ಕೂಗಿದ್ದಿ. ನಿಂಗನೇ ಹತ್ರ ಕೂತಿದ್ರಿ. ಎನ್ನ ಮರ್ಯಾದೆ ಹೋತ?"

ಅತ್ತೆ ಸೊಸೆಯನ್ನೇ ನೋಡಿದಳು. ಕಣ್ಣು ತುಂಬಿತು.

"ಹೋಗದೇ ಇರ್ತ ಕೂಸೆ? ಸಿದ್ದಾಪುರದವರೆಗೂ ಕೇಳಿತ್ತು."

"ಹಂಗಾರೆ ನಿಂಗ ಶಿರಸಿವರೆಗೆ ಕೂಗಿ. ಆನು ಇಲ್ಲೇ ಕೂತಿರ್ತಿ."

ಅತ್ತೆ ನಕ್ಕಳು. ಅವಳು ಅಷ್ಟು ಜೋರಾಗಿ ನಕ್ಕಿದ್ದನ್ನು ನಾನು ಕಂಡಿರಲಿಲ್ಲ. ಭಾವ ಅಂಗಳದಿಂದ ಓಡಿಬಂದ.

"ಎಂತಾತು?"

"ಎಂತಾಜಿಲ್ಲೆ," ಅತ್ತೆ ಕಣ್ಣೊರೆಸಿಕೊಂಡಳು. "ಸಾಯದ್ರ ವಿಷ್ಯ ಮಾತಾಡ್ತಾ ಇದ್ಯ. ನೀನೂ ಕೂತ್ಗ."

ಅವನು ನನ್ನನ್ನು ದುರುಗುಟ್ಟಿ ನೋಡಿದ. ಆಮೇಲೆ ತಾಯಿಯ ಮುಖ ನೋಡಿ ಅವಳ ಕಾಲ ಬಳಿ ಕೂತ.

ನಾನು ಹೆದರಿದ್ದರಲ್ಲಿ ಹಲವು ಆಗಲೇ ಇಲ್ಲ, ಆದದ್ದರಿಂದ ಯಾರಿಗೂ ಕೆಡುಕಾಗಲಿಲ್ಲ. ಎಡವಟ್ಟಾದದ್ದು ಒಂದೇ. ನಗುವಾಗ ಅತ್ತೆಯ ಕೈ ಅಲುಗಿ ಗಂಜಿಯೆಲ್ಲ ನನ್ನ ಅಂಗಿಯ ಮೇಲೆ ಚೆಲ್ಲಿತು. ಶಿರಸಿಯವರೆಗೆ ನಾನು ಭಾವನ ಅಂಗಿ ತೊಟ್ಟು, ತೋಳು ನಾಲ್ಕು ಸಲ ಮಡಚಿಕೊಂಡು ಬಂದೆ.