ಪಲ್ಲವಿ ಅಪ್ಪನದು

ಗಂಡ ವಾಮನನಿಗೆ ವಿಮಾ ಕಚೇರಿಯಲ್ಲಿ ವರ್ಗವಾದಾಗಲೆಲ್ಲ ಗಂಟುಮೂಟೆ ಕಟ್ಟಿದವಳು ಚಂಪಾ. ಸೂರತ್ ಆಯಿತು, ಅಹಮದಾಬಾದ್ ಆಯಿತು, ಈಗ ವಡೋದರಾ. ಗ್ಯಾಸು, ಹಾಲು, ಮಕ್ಕಳ ಶಾಲೆ ಎಲ್ಲ ಹೊಂದಿಸಿಕೊಳ್ಳುವಷ್ಟರಲ್ಲಿ ಮತ್ತೆ ಅಟ್ಟದಿಂದ ಪೆಟ್ಟಿಗೆ ಇಳಿಸಬೇಕು. ಅವಳ ಬಿ.ಎಡ್. ಪ್ರಮಾಣಪತ್ರ ಮೂರು ಊರಲ್ಲೂ ಪೆಟ್ಟಿಗೆಯ ತಳದಲ್ಲೇ ಇತ್ತು. ನಲವತ್ತಾರನೆಯ ವಯಸ್ಸಿಗೆ ಅವಳದು ಅಂತ ಸಿಕ್ಕಿದ್ದು ಫತೇಗಂಜ್‌ನ ಕನ್ನಡ ಬಳಗದ ಕೋಣೆಯಲ್ಲಿ ಭಾನುವಾರ ಒಂದು ಗಂಟೆಯ ಕನ್ನಡ ಕ್ಲಾಸು, ಒಂಬತ್ತು ಮಕ್ಕಳು.

ಇವತ್ತು ಆ ಗಂಟೆಯೂ ಹೋಗುವ ಹಾಗಿತ್ತು. ಅದೇ ಹೊತ್ತಿಗೆ ಅಬಾಕಸ್ ಕ್ಲಾಸು ಇಡಿ ಎಂದು ಕೆಲವು ತಂದೆಯರು ಕೇಳಿದ್ದರು. "ಒಂದು ಸಲ ಕೂತು ನೋಡ್ತೀನಮ್ಮ, ಆಮೇಲೆ ತೀರ್ಮಾನ," ಎಂದು ಬಳಗದ ಅಧ್ಯಕ್ಷ ಕೃಷ್ಣಮೂರ್ತಿ ಕುರ್ಚಿ ಎಳೆದುಕೊಂಡಿದ್ದರು. ಕೋಣೆಯ ಬೀಗದ ಕೈ ಅವರ ಬೆರಳಲ್ಲಿ ತಿರುಗುತ್ತಿತ್ತು. ಹೆಂಡತಿ ಕಮಲಾ ಉಪ್ಪಿಟ್ಟಿನ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಹಿಂದೆ ಗೋಡೆಗೊರಗಿ ಕೂತಿದ್ದಳು.

ಪದ್ಯದಲ್ಲಿ ಮತ್ತೆ ಮತ್ತೆ ಬರುವ ಸಾಲೇ ಪಲ್ಲವಿ ಎಂದು ಹೋದ ವಾರ ಚಂಪಾ ಹೇಳಿಕೊಟ್ಟಿದ್ದಳು. ಮನೆಯಲ್ಲಿ ಹಾಗೆ ಕೇಳಿಸುವ ಒಂದು ಸದ್ದು ಹಿಡಿದು ತನ್ನಿ ಅಂದಿದ್ದಳು. ಮಂಥನ್ ಫ್ಯಾನಿನ ಕಟಕಟ ತಂದ. ಆಮೇಲೆ ಎದ್ದವಳು ವರ್ಷಿಣಿ, ಅಧ್ಯಕ್ಷರ ಮಗಳು, ಮೂರನೇ ಕ್ಲಾಸು.

"ಟೀಚರ್, ನಂದು ಪಪ್ಪಾದು. ಸೋಫಾದಿಂದ ಬರತ್ತೆ." ಚಪ್ಪಾಳೆ ತಟ್ಟಿದಳು. "ಟೀ ಆಯ್ತಾ? ಟೀ ಆಯ್ತಾ?"

"ನಮ್ಮನೇಲೂ ಸೇಮ್ ಟು ಸೇಮ್!" ಮಕ್ಕಳು ಗೊಳ್ಳೆಂದರು.

ಬೀಗದ ಕೈ ತಿರುಗುವುದು ನಿಂತಿತು.

ಸಾಕು ಕೂತ್ಕೋ ಪುಟ್ಟಿ ಅಂದಿದ್ದರೆ ಕ್ಲಾಸು ಉಳಿಯುತ್ತಿತ್ತು. ಮಾತು ನಾಲಿಗೆಯ ತುದಿಗೇ ಬಂದಿತ್ತು. ಮದುವೆಯಾದ ಇಪ್ಪತ್ತೆರಡು ವರ್ಷವೂ ಚಂಪಾ ತನ್ನ ಬಾಯಿಗೆ ತಾನೇ ಅದನ್ನು ಹೇಳಿಕೊಂಡು ಬಂದವಳು.

"ಪಲ್ಲವಿ ಸಿಕ್ತು," ಎಂದಳು. "ಎರಡು ಪಲ್ಲವಿ ನಡುವೆ ಮನೇಲಿ ಏನೇನಾಗತ್ತೆ? ಅದು ಚರಣ. ತಾಳ ಬಿಡಬೇಡ."

ವರ್ಷಿಣಿ ಕಣ್ಣು ಮುಚ್ಚಿಕೊಂಡಳು.

"ಕುಕ್ಕರ್ ಕೂಗ್ತು, ದೋಸೆ ಸೀದೋಯ್ತು,
ನೀರು ನಿಂತೋಯ್ತು, ಬೆಲ್ಲು ಹೊಡೀತು,
ಟೀ ಆಯ್ತಾ? ಟೀ ಆಯ್ತಾ?"

ಕೊನೆಯ ಸಾಲಿಗೆ ಒಂಬತ್ತೂ ಮಕ್ಕಳ ಚಪ್ಪಾಳೆ ಬಿತ್ತು. ಕೃಷ್ಣಮೂರ್ತಿ ಎದ್ದು ನಿಂತರು.

"ಇದೇನಮ್ಮ ಪದ್ಯ? ಮನೆ ಮಾತೆಲ್ಲ ಬೀದಿಗೆ! ಬರೋ ವಾರದಿಂದ ಅಬಾಕಸ್ಸೇ ಸರಿ. ಏಳಿ, ಬೀಗ ಹಾಕ್ಬೇಕು."

ಯಾರೂ ಏಳಲಿಲ್ಲ. ಹಿಂದಿನಿಂದ ಕಮಲಾಳ ದನಿ ಬಂತು, ಮೆಲ್ಲಗೆ. "ವರ್ಷಿ, ಹಾಲು ಉಕ್ಕಿದ್ದು ಬಿಟ್ಟೆಯಲ್ಲೇ."

ಅವಳು ಎದ್ದು ಬಂದು ಉಪ್ಪಿಟ್ಟಿನ ಡಬ್ಬಿಯನ್ನು ಗಂಡನ ಕೈಗಿಟ್ಟಳು. ಅವರ ಬೆರಳಿನಿಂದ ಬೀಗದ ಕೈ ತೆಗೆದುಕೊಂಡಳು.

"ಪದ್ಯ ಇನ್ನೂ ಮುಗಿದಿಲ್ಲ, ರೀ. ನಾನು ಬೀಗ ಹಾಕ್ಕೊಂಡು ಬರ್ತೀನಿ. ಇನ್ನು ಭಾನುವಾರ ಭಾನುವಾರ ಕೀ ನನ್ನ ಹತ್ರಾನೇ ಇರ್ಲಿ. ನೀವು ಮನೆಗೆ ನಡೀರಿ. ಹಾಲು ಫ್ರಿಜ್ಜಲ್ಲಿದೆ."

ಚಂಪಾ ಬೋರ್ಡಿನ ಕಡೆ ತಿರುಗಿದಳು. ಸೀಮೆಸುಣ್ಣ ಎತ್ತಿಕೊಂಡಳು. ಬೆನ್ನ ಹಿಂದೆ ಬಾಗಿಲು ಹಾಕಿಕೊಂಡ ಸದ್ದಾದ ಮೇಲೆ ಬರೆದಳು: ಹಾಲು ಉಕ್ತು.