ಬಾಗಿಲು ಯಾವ ಕಡೆ

ಅಕ್ಕನಿಗೆ ಟಿವಿ ಆರಿಸಿಕೊಟ್ಟವನು ನಾನೇ. ಆದರೆ ಅದನ್ನು ಇಡುವ ಮನೆಗೆ ನಾನು ಒಂದು ಸಲವೂ ಹೋಗಿರಲಿಲ್ಲ.

ಭಾವ ತೀರಿಕೊಂಡ ಮೇಲೆ ಅಕ್ಕ ಮಳಖೇಡದ ಕಂಪನಿ ಕ್ವಾರ್ಟರ್ಸ್ ಬಿಟ್ಟು ಸೇಡಂನಲ್ಲಿ ಒಂದು ಖೋಲಿ ಬಾಡಿಗೆಗೆ ಹಿಡಿದಿದ್ದಳು. ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮುಗಿಸಿ ಮೂರು ಗಂಟೆಗೆ ಬಂದರೆ ಆಮೇಲೆ ಒಬ್ಬಳೇ. ನಾನಿರುವ ಶಹಾಬಾದದಿಂದ ಸೇಡಂ ದೂರವೇನಲ್ಲ. ಇವತ್ತು, ನಾಳೆ ಎನ್ನುತ್ತ ವರ್ಷ ಕಳೆದೆ.

ಅವಳಿಗೆ ಸಿನಿಮಾ ಅಂದರೆ ಜೀವ. ಚಿಕ್ಕಂದಿನಲ್ಲಿ ಟಾಕೀಸಿನ ನೆಲದ ಮೇಲೆ ಕುಳಿತಾಗ ನಾನು ಹೆದರಿ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ಪರದೆಯ ಮೇಲೆ ಏನಾಗುತ್ತಿದೆ ಎಂದು ಅವಳು ನನ್ನ ಕಿವಿಯಲ್ಲಿ ಹೇಳುತ್ತಿದ್ದಳು. ಭಾವನ ಕಂಪನಿಯ ಹಣ ಬಂದಾಗ ಫೋನ್ ಮಾಡಿದಳು.

"ತಮ್ಮಾ, ಒಂದು ಟಿವಿ ತಗೋಬೇಕಂತೀನಿ. ಹೆಚ್ಚಿಂದೇ ಇರ್ಲಿ. ಕತ್ತಲ ಸೀನ್ ಬಂದ್ರ ಕರ್ರಗ ಕಾಣಬೇಕು, ಬೂದಿ ಬಡದಂಗ ಅಲ್ಲ. ಅಂಗಡಿಗಿ ನನ್ನೂ ಕರಕೊಂಡು ಹೋಗು."

"ನೀ ಬಂದು ಏನ್ ಮಾಡ್ತಿ? ದಿನಾ ಫರ್ಸಿ ಕಲ್ಲಿನ ಪಾಲಿಶ್ ನೋಡೋ ಕಣ್ಣು ನಂದು. ಟಿವಿ ನೋಡಾಕ ಬರಂಗಿಲ್ಲೇನು?"

ಅವಳನ್ನು ಕರೆದೊಯ್ಯಲು ಸೇಡಂಗೆ ಹೋಗಬೇಕಿತ್ತು. ಹೋದರೆ, ಇಷ್ಟು ದಿನ ಯಾಕೆ ಬರಲಿಲ್ಲ ಎಂದು ಕೇಳಿಯಾಳು ಎಂಬ ಅಳುಕು. ಕಲಬುರಗಿಗೆ ಒಬ್ಬನೇ ಹೋದೆ.

ಅಂಗಡಿಯವನು ಒಂದೇ ಅಳತೆಯ ಎರಡು ಟಿವಿಗಳಲ್ಲಿ ಒಂದೇ ಸಿನಿಮಾ ಹಾಕಿದ. ರಾತ್ರಿಯ ದೃಶ್ಯ. ಎರಡರಲ್ಲೂ ಕಪ್ಪು ಕಪ್ಪಾಗಿಯೇ ಇತ್ತು. ಒಂದರ ಪರದೆ ಮಿಂಚುತ್ತಿತ್ತು, ಇನ್ನೊಂದು ಮಂಕು.

"ಮಿಂಚೋದು ಭಾಳ ಛಂದ ಅದ ಖರೆ, ಎದುರ ಬೆಳಕ ಬಿದ್ರ ಅದರಾಗ ನಿಮ್ಮ ಮಾರಿನೇ ಕಾಣ್ತದ. ಇನ್ನೊಂದಕ್ಕ ಆ ತ್ರಾಸಿಲ್ಲ. ಮನಿ ಬಾಗ್ಲಾ ಯಾವ ಕಡಿ ಅದರಿ?"

ನನಗೆ ಗೊತ್ತಿರಲಿಲ್ಲ. ಒಡಹುಟ್ಟಿದವಳ ಮನೆ ಎಂದು ಆಗಲೇ ಹೇಳಿಬಿಟ್ಟಿದ್ದೆ. "ಬೆಳಕ ಏನೂ ಬೀಳಂಗಿಲ್ಲ ಬಿಡ್ರಿ" ಎಂದೆ.

ಏಳನೇ ಇಯತ್ತೆಗೆ ಶಾಲೆ ಬಿಟ್ಟಾಗಿನಿಂದ ನಾನು ಕಲ್ಲಿಗೆ ಪಾಲಿಶ್ ಹಿಡಿಯುವವನು. ಬಗ್ಗಿ ನೋಡಿದಾಗ ನಮ್ಮ ಮುಖ ಕಂಡರೆ ಫರ್ಸಿ ತಯಾರಾದಂತೆ; ಕಾಣದಿದ್ದರೆ ಮತ್ತೆ ಮಷೀನಿಗೆ. ಟಿವಿಯ ಮುಂದೆಯೂ ಹಾಗೆಯೇ ಬಗ್ಗಿದೆ. ಮುಖ ಕಂಡದ್ದನ್ನೇ ಆರಿಸಿದೆ. ಅಂಗಡಿಯವರೇ ಸೇಡಂಗೆ ಒಯ್ದು ಗೋಡೆಗೆ ಕೂರಿಸಿ ಬಂದರು.

ಫೋನಿನಲ್ಲಿ ಕೇಳಿದರೆ ಅಕ್ಕ, "ಛಲೋ ಅದ ತಮ್ಮಾ. ನೀ ಬಂದ್ರ ಕೂಡೇ ಒಂದು ಸಿನಿಮಾ ನೋಡೋಣು" ಎನ್ನುತ್ತಿದ್ದಳು.

ಆರು ತಿಂಗಳಾದ ಮೇಲೆ ಒಂದು ದಿನ ಮಷೀನಿನ ಮೋಟಾರು ಸುಟ್ಟು ಕೆಲಸ ನಿಂತಿತು. ಹೊರಟೆ. ನಾಲ್ಕು ಗಂಟೆಯ ಬಿಸಿಲು ನೇರವಾಗಿ ಅಕ್ಕನ ಬಾಗಿಲಿಗೆ ಬಡಿಯುತ್ತಿತ್ತು. ಬಾಗಿಲು ಮುಚ್ಚಿತ್ತು. ಪಕ್ಕದ ಕಟ್ಟೆಯ ಮೇಲೆ ಕುಳಿತ ಹೆಣ್ಣುಮಗಳು ನನ್ನನ್ನು ನೋಡಿದಳು.

"ಒಳಗೇ ಇದ್ದಾರ, ಬಡೀರಿ. ಮೊದಲ ಬಾಗ್ಲಾ ತೆರದು ಇಲ್ಲೇ ನಮ್ಮ ಕೂಡ ಕುಂದರ್ತಿದ್ರು. ಈಗ ದೊಡ್ಡ ಟಿವಿ ಬಂದದ, ನಾವ್ಯಾಕ ಬೇಕಾಗ್ತೀವಿ?"

ಅಕ್ಕ ಬಾಗಿಲು ತೆರೆದು, ನನ್ನನ್ನು ಒಳಗೆ ಕರೆದು ಮತ್ತೆ ಮುಚ್ಚಿದಳು. ಬಾಗಿಲ ಒಳಬದಿಗೆ ಹಳೆ ಸೀರೆಗಳ ಕೌದಿ ತೂಗುಬಿಟ್ಟಿದ್ದಳು. ಖೋಲಿಯಲ್ಲಿ ಕತ್ತಲೆ, ಸೆಕೆ. ಅಕ್ಕನ ಕುತ್ತಿಗೆಯಲ್ಲಿ ಬೆವರು ಇಳಿಯುತ್ತಿತ್ತು. ಟಿವಿ ಇಡಲು ಬಾಗಿಲಿನ ಎದುರಿನ ಗೋಡೆ ಬಿಟ್ಟರೆ ಬೇರೆ ಜಾಗವಿರಲಿಲ್ಲ. ಒಂದು ಕಡೆ ಒಲೆ, ಇನ್ನೊಂದು ಕಡೆ ಬಚ್ಚಲು.

"ಇದ್ಯಾಕ ಅಕ್ಕಾ, ಕೌದಿ?"

"ಬಾಗ್ಲಾ ಮುಚ್ಚಿದ್ರೂ ಸಂದ್ಯಾಗಿಂದ ಬಿಸಿಲ ಬರ್ತದ. ತೆರದ್ರಂತೂ ಟಿವಿ ತುಂಬ ಬಾಗ್ಲಾ ಕಾಣ್ತದ, ನಡುವ ನಾನು. ದಿನಾ ನನ್ನ ಮಾರಿ ಏನ್ ನೋಡ್ಲೋ?" ಎಂದು ನಕ್ಕಳು. "ಹೊರಗ ಕಟ್ಟಿ ಮ್ಯಾಲಿನವರು ಸಿಟ್ಟಾಗ್ಯಾರ. ನನಗ ಸೊಕ್ಕು ಬಂದದ ಅಂತಾರ."

"ನನಗ ಹೇಳಬೇಕಿಲ್ಲೇನು?"

"ಪ್ರೀತಿಲೆ ಆರಿಸಿ ಕಳಿಸಿದಿ. ಏನಂತ ಹೇಳ್ಲಿ?"

ಚಹಾ ಕೊಟ್ಟು, ನಾನು ಬರುವ ದಿನಕ್ಕೆಂದು ನೋಡದೆ ಉಳಿಸಿಕೊಂಡಿದ್ದ ಸಿನಿಮಾ ಹಾಕಿದಳು. ಅರ್ಧ ಗಂಟೆ ಅದರ ಮುಂದೆ ಕುಳಿತೆ. ಒಂದು ಮಾತೂ ತಲೆಗೆ ಹೋಗಲಿಲ್ಲ. ಎದ್ದು ಕೌದಿ ಸರಿಸಿ ಬಾಗಿಲು ತೆರೆದೆ. ಸಿನಿಮಾ ಅಳಿಸಿಹೋಗಿ ಪರದೆಯ ಮೇಲೆ ನಾವಿಬ್ಬರೂ ಮೂಡಿದೆವು.

"ಅಕ್ಕಾ, ತಪ್ಪಾತು. ಬಾಗ್ಲಾ ಯಾವ ಕಡಿ ಅದ ಅಂತ ಅಂಗಡ್ಯಾಗ ಕೇಳಿದ್ರು. ನನಗ ಗೊತ್ತಿರಲಿಲ್ಲ. ಗೊತ್ತಿಲ್ಲ ಅಂತನೂ ಹೇಳಲಿಲ್ಲ. ನಿನ್ನ ಮನಿಗಿ ನಾ ಬರಲೇ ಇಲ್ಲ."