ಕಣ್ಣಿನ ಮೇಲೊಂದು ಕಪ್ಪು ಪಟ್ಟಿ

ಬಾಯಿ ಕ್ಯಾನ್ಸರಿನ ಬಗ್ಗೆ ನಾನು ಬರೆದ ಸಂಶೋಧನಾ ಲೇಖನಗಳ ಪಟ್ಟಿ ಉದ್ದವೇ ಇದೆ. ಅವುಗಳಲ್ಲಿ ಒಂದನ್ನಾದರೂ ಮನಸ್ಸಿಟ್ಟು ನೋಡಿದವರು ತಳಕಲ್ಲಿನ ಹುಲಿಗೆವ್ವ ಒಬ್ಬರೇ ಇರಬೇಕು. ಅವರಿಗೆ ಓದಲು ಬರುವುದಿಲ್ಲ.

ಅವರು ವರ್ಷಗಟ್ಟಲೆ ತಂಬಾಕು ಇಟ್ಟುಕೊಂಡು ಕೆಡಿಸಿಕೊಂಡಿದ್ದ ಎಡದವಡೆಗೆ ಆಪರೇಷನ್ ಮಾಡಿದ್ದು ನಾನೇ. ಅದಕ್ಕೂ ಮೊದಲು ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿ, ಫೋಟೊ ತೆಗೆಸಿಕೊಂಡಿದ್ದರು. ಮುಂದೆ ತಪಾಸಣೆಗೆಂದು ಅವರ ಮನೆಗೆ ಹೋದಾಗ, ಖುಷಿಪಟ್ಟಾರು ಎಂದುಕೊಂಡು ನನ್ನ ಲೇಖನದಲ್ಲಿ ಆ ಫೋಟೊ ಅಚ್ಚಾದ ಹಾಳೆ ಒಯ್ದಿದ್ದೆ.

ಹುಲಿಗೆವ್ವ ಹಾಳೆಯನ್ನು ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಕಣ್ಣಿಗೆ ಇದೇನ್ರಿ ಡಾಕ್ಟ್ರ, ಕರೇ ಪಟ್ಟಿ ಬಡದೀರಿ?"

"ನಿಮ್ಮ ಗುರ್ತು ಯಾರಿಗೂ ಸಿಗಬಾರದಂತ ನಿಯಮ ಐತಿ, ಎವ್ವಾ."

"ಕೆಟ್ಟಿದ್ದು ದವಡಿ. ಅದನ್ನ ಎಲ್ಲಾರಿಗೂ ತೋರ್ಸೀರಿ. ಛಲೋ ಇದ್ದ ಕಣ್ಣು ಮುಚ್ಚೀರಿ. ಭಾಳ ಓದೀರಿ ಬಿಡ್ರಿ!"

ಅವರು ಒಳಗೆ ಹೋಗಿ ಮುಖ ತೊಳೆದು, ಕುಂಕುಮ ಇಟ್ಟುಕೊಂಡು ಬಂದು ಕಟ್ಟೆಯ ಮೇಲೆ ಕೂತರು. ಇಳಕಲ್ ಸೀರೆಯ ಸೆರಗನ್ನು ತಲೆಮೇಲೆ ಹೊದ್ದು, ಅದರ ಅಂಚನ್ನು ದವಡೆಯ ಮೇಲೆ ಎಳೆದುಕೊಂಡರು. ಕುಂಕುಮ, ಅದರ ಕೆಳಗೆ ಎರಡು ಕಣ್ಣು, ಅಷ್ಟೇ ಕಾಣುತ್ತಿದ್ದದ್ದು.

"ಈಗ ತಗೀರಿ. ಇನ್ನೊಮ್ಮೆ ಬರದ್ರ ಇದನ್ನ ಹಾಕ್ರಿ."

ಮೊಬೈಲಿನಲ್ಲಿ ತೆಗೆದೆ. ಆ ಫೋಟೊ ಈಗ ನನ್ನ ಮೇಜಿನ ಮೇಲಿದೆ. ಯಾವ ವೈದ್ಯಕೀಯ ಪತ್ರಿಕೆಯೂ ಅದನ್ನು ಅಚ್ಚು ಹಾಕುವುದಿಲ್ಲ, ಬಿಡಿ. ಅದರಲ್ಲಿ ರೋಗವೇ ಕಾಣುವುದಿಲ್ಲವಲ್ಲ!